ಕರ್ಬೂಜದ ಹೂದಾನಿ

ಬೆಳಿಗ್ಗೆ ಪೇಪರು ಓದುವುದು ಆ ಮನೆಯಲ್ಲಿ ಹೆಂಡತಿಯ ಕೆಲಸ, ಕೇಳುವುದು ಗಂಡನ ಕೆಲಸ. ಗಾಜಿನ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಕಬ್ಬಿಣದ ಅಚ್ಚು ಕೆತ್ತಿ ಕೆತ್ತಿ ಅಚ್ಚಣ್ಣನ ಕಣ್ಣು ಮಂಜಾಗಿತ್ತು. ಅಚ್ಚಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಕಾರ್ಖಾನೆಯವರು ಇಟ್ಟದ್ದು, ಬೀದಿಯವರು ಉಳಿಸಿಕೊಂಡದ್ದು.

“ರೀ, ಇಲ್ಲಿ ಕೇಳಿ,” ಎಂದಳು ಹೆಂಡತಿ. “ಮ್ಯೂಸಿಯಮ್ಮಿನವರು ಒಂದು ಹೂದಾನಿ ಫೋಟೋ ಹಾಕಿದಾರೆ. ಇದು ಎಲ್ಲಿಯದು ಅಂತ ಗೊತ್ತಿದ್ದೋರು ತಿಳಿಸಬೇಕಂತೆ. ಜೇನು ಬಣ್ಣದ ಗಾಜಂತೆ. ಮೈತುಂಬ ಬಿರುಕು ಬಿಟ್ಟ ನೆಲದ ಹಾಗೆ ಬಲೆ ಬಲೆ ಗೆರೆ. ಹೊರದೇಶದ್ದಿರಬಹುದು ಅಂತ ಬರೆದಿದಾರೆ.”

ಅಚ್ಚಣ್ಣ ಟೀ ಲೋಟ ಕೆಳಗಿಟ್ಟ. “ನೆಲ ಅಲ್ಲ ಕಣೇ. ಕರ್ಬೂಜ.”

“ಬೆಳಗಾಗೆದ್ದು ಹಣ್ಣಿನ ಚಿಂತೆ ನಿಮಗೆ!” ಎಂದು ನಗಲು ಹೋದವಳು ಅವನ ಮುಖ ನೋಡಿ ಮತ್ತೆ ಪೇಪರಿನ ಫೋಟೋ ನೋಡಿದಳು.

ಹದಿನಾರನೆಯ ವಯಸ್ಸಿಗೆ ಅವನನ್ನು ಕಾರ್ಖಾನೆಗೆ ಸೇರಿಸಿದ್ದು ಸೋದರಮಾವ. ಎರಡು ಹೋಳಿನ ಕಬ್ಬಿಣದ ಅಚ್ಚು. ಅದರೊಳಗೆ ಕರಗಿದ ಗಾಜನ್ನು ಕೊಳವೆಯಿಂದ ಊದುತ್ತಾರೆ. ಅಚ್ಚಿನಲ್ಲಿ ತಗ್ಗಾದದ್ದು ಗಾಜಿನಲ್ಲಿ ಉಬ್ಬು, ಉಬ್ಬಾದದ್ದು ತಗ್ಗು. “ಎಲ್ಲಾ ತಲೆಕೆಳಗಾಗಿ ಯೋಚನೆ ಮಾಡೋದು ಕಲಿಯೋ. ಮದುವೆಯಾದ ಮೇಲೂ ಉಪಯೋಗಕ್ಕೆ ಬರುತ್ತೆ,” ಎನ್ನುತ್ತಿದ್ದ ಮಾವ.

ಮದುವೆಯಾದ ಮರುವರ್ಷ ಧಣಿಗಳ ಅಳಿಯ ಒಂದು ಕಾಗದ ತಂದು ಅವನ ಮುಂದೆ ಹಾಕಿದ. ಸಣ್ಣ ಕತ್ತು, ದುಂಡು ಹೊಟ್ಟೆ. ಬರೀ ಹೊರಗೆರೆ. “ಮೈಮೇಲೆ ಏನಾದ್ರೂ ಒರಟೊರಟಾಗಿ ಮಾಡು, ಈಗ ಅದೇ ಫ್ಯಾಶನ್ನು,” ಎಂದು ಹೇಳಿ ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅಚ್ಚಣ್ಣನಿಗೆ ವಾರವೆಲ್ಲ ಏನೂ ಹೊಳೆಯಲಿಲ್ಲ. ಮನೆಯಲ್ಲಿ ಹೆಂಡತಿ ಚೊಚ್ಚಲ ಬಸುರಿ. ಕರ್ಬೂಜ ಒಂದನ್ನು ಬಿಟ್ಟು ಬೇರೇನೂ ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಸಂಜೆ ಅಡುಗೆಮನೆಯಲ್ಲಿ ಬಿದ್ದಿದ್ದ ಸಿಪ್ಪೆಯನ್ನು ಎತ್ತಿ ಬಿಸಾಡಲು ಹೋದಾಗ ಅದರ ಮೈಮೇಲಿನ ಬಲೆ ಬೆರಳಿಗೆ ತಾಗಿತು. ಬಿಸಾಡಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ಕಾರ್ಖಾನೆಗೆ ಒಯ್ದ.

ನಲವತ್ತು ದಿನ ಕೆತ್ತಿದ. ಇನ್ನೇನು ಮುಗಿಯಿತು ಎನ್ನುವಾಗ ಉಳಿ ಜಾರಿ, ಕತ್ತಿನ ಕೆಳಗೆ ಬಲೆಯ ಎರಡು ಕಣ್ಣುಗಳನ್ನು ಸೀಳಿಕೊಂಡು ಒಂದು ಗೆರೆ ಹೋಗಿಬಿಟ್ಟಿತು. ಕಬ್ಬಿಣದಲ್ಲಿ ತಪ್ಪನ್ನು ಅಳಿಸಲು ಬರುತ್ತದೆಯೇ? ಹಾಗೇ ಬಿಟ್ಟ. ಆ ಅಚ್ಚಿನಿಂದ ಹೊರಬಂದ ಪ್ರತಿ ಹೂದಾನಿಯೂ ಆ ಗೆರೆಯನ್ನು ಹೊತ್ತೇ ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು; ಅವನಿಗೆ ಆ ಗೆರೆಯ ಮೇಲೂ ಪ್ರೀತಿಯೇ.

ಮರುದಿನ ಗಂಡಹೆಂಡತಿ ಬಸ್ಸು ಹತ್ತಿ ಮ್ಯೂಸಿಯಮ್ಮಿಗೆ ಹೋದರು. ಅಲ್ಲಿದ್ದ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೀರು ತೆರೆಯಲು ಎದ್ದವಳನ್ನು ಅಚ್ಚಣ್ಣ ತಡೆದ.

“ಈಗಲೇ ತೆಗೀಬೇಡಿ ಮೇಡಂ. ಮೊದಲು ನಾನು ಹೇಳ್ತೀನಿ, ನೀವು ಬರ್ಕೊಳ್ಳಿ. ಕತ್ತಿನ ಕೆಳಗೆ, ಅಚ್ಚಿನ ಹೋಳು ಕೂಡಿದ ಸಂದಿಂದ ಎರಡು ಬೆರಳು ಬಲಕ್ಕೆ, ಒಂದು ಓರೆ ಗೆರೆ ಇದೆ. ಬೇರೆ ಗೆರೆಗಳ ಹಾಗೆ ಬಾಗಿಲ್ಲ, ನೆಟ್ಟಗಿದೆ.”

ಅವಳು ಬರೆದುಕೊಂಡಳು. ಹೂದಾನಿಯನ್ನು ತೆಗೆದು ದೀಪದ ಕೆಳಗೆ ತಿರುಗಿಸಿದಳು. ಗೆರೆ ಇತ್ತು. “ಅಯ್ಯೋ, ಇಷ್ಟು ದಿನ ನಾನಿದನ್ನ ನೋಡೇ ಇಲ್ವಲ್ಲ!” ಎಂದಳು.

ಮುಟ್ಟಲು ಅವನಿಗೆ ಬಟ್ಟೆಯ ಕೈಗವಸು ಕೊಟ್ಟಳು. ಹಾಕಿಕೊಂಡು ಸವರಿದ. ಏನೂ ತಿಳಿಯಲಿಲ್ಲ. “ಕಣ್ಣು ಮೊದಲೇ ಇಲ್ಲ ತಾಯಿ. ಇದನ್ನ ಹಾಕ್ಕೊಂಡ್ರೆ ಕೈಯೂ ಇಲ್ಲ.” ಅವಳು ಬಾಗಿಲ ಕಡೆ ಒಮ್ಮೆ ನೋಡಿ, “ತೆಗೀರಿ,” ಎಂದಳು. ಬರಿಗೈಯಲ್ಲಿ ಅವನು ಆ ಮೈಯನ್ನು ಎಷ್ಟು ಹೊತ್ತು ಸವರಿದನೋ, ಕೊನೆಗೆ ಹೆಂಡತಿಯೇ “ಸಾಕು ಕೊಡ್ರೀ, ಬಿದ್ದೀತು,” ಎಂದಳು.

“ಆ ಅಚ್ಚು ಈಗ ಎಲ್ಲಿದೆ ಸರ್? ಅದೊಂದು ಸಿಕ್ಕಿದ್ರೆ ಬೇರೆ ಸಾಕ್ಷಿ ಏನೂ ಬೇಕಾಗಿಲ್ಲ,” ಎಂದಳು ಅವನ ಕಥೆಯನ್ನೆಲ್ಲ ಕೇಳಿ ಬರೆದುಕೊಂಡ ಅಧಿಕಾರಿ.

ಅಚ್ಚಣ್ಣ ಕೈಗವಸನ್ನು ಮಡಿಸಿ ಮೇಜಿನ ಮೇಲಿಟ್ಟ. ಕಾರ್ಖಾನೆ ಮುಚ್ಚುವಾಗ, ಒಂದು ಅಚ್ಚೂ ಬೇರೆಯವರ ಕೈಗೆ ಹೋಗಕೂಡದು ಎಂದು ಧಣಿಗಳ ಅಪ್ಪಣೆಯಾಗಿತ್ತು. ಮ್ಯಾನೇಜರು ಅವನ ಕೈಗೇ ಸುತ್ತಿಗೆ ಕೊಟ್ಟ: “ಎಲ್ಲಿ ಹೊಡೆದ್ರೆ ಒಡೆಯುತ್ತೆ ಅಂತ ನಿನಗಿಂತ ಯಾರಿಗೆ ಗೊತ್ತು?” ಎರಕದ ಕಬ್ಬಿಣ, ಬಿಸ್ಕತ್ತಿನ ಹಾಗೆ ಮುರಿಯಿತು. ಎರಡು ದಿನ ಒಡೆದ. ಕರ್ಬೂಜದ್ದಕ್ಕೆ ಮೂರೇ ಏಟು.

“ನಾನೇ ಒಡೆದೆ,” ಎಂದ.

“ಯಾಕೆ ಒಡೆದ್ರಿ?”

“ಒಡಿ ಅಂದ್ರು.”

ಮೂರು ತಿಂಗಳಾದ ಮೇಲೆ ಕಾಗದ ಬಂತು. ನಿಮ್ಮ ನೆರವಿನಿಂದ ಹೂದಾನಿಯ ಮೂಲ ಗೊತ್ತಾಗಿದೆ, ಪ್ರದರ್ಶನಕ್ಕೆ ಇಟ್ಟಿದ್ದೇವೆ, ಬನ್ನಿ. ಹೆಂಡತಿ ಅಕ್ಕಪಕ್ಕದ ನಾಲ್ಕು ಮನೆಗೆ ಅದನ್ನು ಓದಿ ಹೇಳಿದಳು. ಅವನು ಗಡ್ಡ ಹೆರೆಸಿಕೊಂಡ.

ಗಾಜಿನ ಪೆಟ್ಟಿಗೆಯೊಳಗೆ ಸಣ್ಣ ದೀಪ. ಪಕ್ಕದ ಫಲಕವನ್ನು ಹೆಂಡತಿ ಓದಿದಳು. ಕಾರ್ಖಾನೆಯ ಹೆಸರು, ಇಸವಿ. ವಿನ್ಯಾಸ: ಧಣಿಗಳ ಅಳಿಯನ ಹೆಸರು. ಪ್ರೇರಣೆ: ಬಿರುಕು ಬಿಟ್ಟ ಭೂಮಿ. ಅವಳು ಇನ್ನೊಮ್ಮೆ ಮೊದಲಿಂದ ಓದಿದಳು, ಎಲ್ಲೋ ಒಂದು ಸಾಲು ಬಿಟ್ಟಿರಬೇಕು ಎನ್ನುವಂತೆ.

“ನಿಮ್ಮ ಹೆಸರಿಲ್ಲ ರೀ.”

ಅಧಿಕಾರಿ ಓಡಿಬಂದಳು. ಕಾರ್ಖಾನೆ ಯಾವುದೆಂದು ತಿಳಿದ ಮೇಲೆ ಹುಡುಕುತ್ತಾ ಹೋದರಂತೆ. ಅಳಿಯನ ಮಗಳ ಮನೆಯಲ್ಲಿ ಹಳೆಯ ಚಿತ್ರ ಸಿಕ್ಕಿತಂತೆ.

“ಅದರಲ್ಲಿ ಮೈಮೇಲೆ ಗೆರೆ ಇದ್ಯಾ?” ಎಂದು ಕೇಳಿದ ಅಚ್ಚಣ್ಣ.

“ಇಲ್ಲ. ಬರೀ ಆಕಾರ.”

“ಮತ್ತೆ?”

“ಸಹಿ ಇದೆ ಸರ್.” ಅವಳು ತಲೆ ತಗ್ಗಿಸಿದಳು. “ನಾನು ನಿಮ್ಮನ್ನ ನಂಬ್ತೀನಿ. ಸಮಿತಿಗೆ ಎರಡು ಸಲ ಬರೆದೆ. ಆ ಅಚ್ಚನ್ನ ನೋಡಿದ ಯಾರಿಗಾದ್ರೂ ಆ ಗೆರೆ ಗೊತ್ತಿರುತ್ತೆ, ಅವರೇ ಕೆತ್ತಿದ್ದು ಅಂತ ಹೇಗೆ ಹೇಳ್ತೀರಿ ಅಂತಾರೆ. ನಿಮ್ಮ ಜೊತೆ ಕೆಲಸ ಮಾಡ್ದೋರು ಯಾರಾದ್ರೂ ಇದ್ರೆ…”

“ಊದೋರು ಇಬ್ಬರಿದ್ದರು. ಇಬ್ಬರೂ ಶ್ವಾಸಕೋಶ ಹೋಗಿ ತೀರಿಕೊಂಡ್ರು.”

“ನಾನಿದೀನಲ್ಲ!” ಹೆಂಡತಿಯ ದನಿ ಹಾಲ್ ತುಂಬ ಕೇಳಿತು. “ಆ ಹಣ್ಣು ತಿಂದೋಳು ನಾನು. ನಾನು ಸಾಕ್ಷಿ ಅಲ್ವಾ?”

ಆ ಹೆಣ್ಣುಮಗಳ ಕಣ್ಣಲ್ಲೂ ನೀರಿತ್ತು.

ಅಷ್ಟರಲ್ಲಿ ಬೇರೆ ಯಾರೋ ಗಂಡಹೆಂಡತಿ ನೋಡಲು ಬಂದರು. ಬಂದ ಗಂಡಸು ಫಲಕ ಓದಿ, “ಎಂಥಾ ತಲೆ ನೋಡು!” ಎಂದ. ಅಚ್ಚಣ್ಣ ಬಾಯಿ ತೆರೆದ. ಕರ್ಬೂಜ ಎಂದರೆ ನಗುತ್ತಾರೆ. ನಾನು ಎಂದರೆ ಕಾಗದ ಕೇಳುತ್ತಾರೆ. ಪಕ್ಕಕ್ಕೆ ಸರಿದು ಅವರಿಗೆ ಜಾಗ ಬಿಟ್ಟ.

ಬಸ್ ಸ್ಟಾಪಿನಲ್ಲಿ ಹೆಂಡತಿ ಬೈಯುತ್ತಲೇ ಇದ್ದಳು. “ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ಹೋಗಿ ದಾರಿ ತೋರಿಸಿದ್ದು ನೀವು, ಹೆಸರು ಅವನಿಗೆ! ಬಾಯಿರ್ಲಿಲ್ವಾ ನಿಮಗೆ?”

“ಇತ್ತು ಕಣೇ. ಏನಂತ ಹೇಳ್ಲಿ?”

ಅವನು ಮತ್ತೆ ಅಲ್ಲಿಗೆ ಹೋಗಲಿಲ್ಲ. ಅವಳು ಮಾತ್ರ ಎರಡು ಮೂರು ತಿಂಗಳಿಗೊಮ್ಮೆ, ಮಗಳ ಮನೆಗೆ ಹೋಗುತ್ತೇನೆಂದು ಹೇಳಿ ಮ್ಯೂಸಿಯಮ್ಮಿಗೆ ಹೋಗುತ್ತಾಳೆ. ಪೆಟ್ಟಿಗೆಯ ಪಕ್ಕ ನಿಂತು, ನೋಡಲು ಬಂದವರಿಗೆಲ್ಲ ಇದು ನಮ್ಮ ಯಜಮಾನರು ಕೆತ್ತಿದ್ದು ಎನ್ನುತ್ತಾಳೆ. ಕೆಲವರು ತಲೆಯಾಡಿಸುತ್ತಾರೆ, ಕೆಲವರು ಬೇಗ ಬೇಗ ಮುಂದೆ ಹೋಗುತ್ತಾರೆ. ಹೋದ ಸಲ ಕಾವಲುಗಾರ, ಬಂದವರಿಗೆ ತೊಂದರೆ ಕೊಡಬೇಡಿ ಅಮ್ಮಾ ಎಂದು ಅವಳನ್ನು ಬಾಗಿಲ ತನಕ ಕರೆತಂದು ಬಿಟ್ಟ. ಮನೆಗೆ ಬಂದು ಆ ಸುದ್ದಿಯನ್ನು ಗಂಡನಿಗೆ ಹೇಳಲಿಲ್ಲ. ಅವಳು ಎಲ್ಲಿಗೆ ಹೋಗುತ್ತಾಳೆಂದು ಅವನಿಗೆ ಗೊತ್ತಿಲ್ಲವೆಂದಲ್ಲ, ಅವನೂ ಕೇಳಲಿಲ್ಲ.