ಜಪಾನಿನ ತಮ್ಮನಿಗೆ ನೆದರು

ನನ್ನ ಹೆಂಡತಿ ಫೋನಿನಲ್ಲಿ, ಮಂಜುಗಡ್ಡೆಯ ಮೇಲೆ ಫಿಗರ್ ಸ್ಕೇಟಿಂಗ್ ಆಡುವ ಜಪಾನಿನ ಒಬ್ಬ ಆಟಗಾರನನ್ನು ನೋಡುತ್ತಿದ್ದಳು. ದಢೇಸುಗೂರಿನ ತವರಿನಲ್ಲಿ ಭತ್ತದ ನಾಟಿ ಮಾಡಿ ಬೆಳೆದವಳು. "ನಾವು ಕೆಸರಾಗ ಸುಮ್ನ ನಿಂತ್ರೂ ಜಾರ್ತೀವಿ. ಈ ತಮ್ಮ ಬರ್ಫದ ಮ್ಯಾಲ ಹಾರಿ, ತಿರುಗಿ, ಮತ್ತ ನಿಂತಾನ ನೋಡ್ರಿ" ಎನ್ನುತ್ತಿದ್ದಳು.

ಆಟ ಮುಗಿದೊಡನೆ ಜನ ಮೆಚ್ಚಿ ಅವನತ್ತ ರಾಶಿ ರಾಶಿ ಗೊಂಬೆ ಎಸೆಯುತ್ತಿದ್ದರು. ಆಗ ಅವಳಿಗೆ ಚಿಂತೆ. "ಇಷ್ಟು ಮಂದಿ ಕಣ್ಣು ಬಿದ್ರ ನೆದರಾಗಂಗಿಲ್ಲೇನು?" ಎಂದು ಉಪ್ಪು, ಒಣಮೆಣಸಿನಕಾಯಿಯನ್ನು ಫೋನಿಗೆ ನಿವಾಳಿಸಿ ನೀರೊಲೆಯ ಕೆಂಡಕ್ಕೆ ಹಾಕುವಳು. ಘಾಟು ಬರದಿದ್ದರೆ ದೃಷ್ಟಿ ಜೋರಾಗಿ ತಾಗಿದೆ ಎಂದು ಅರ್ಥ.

ಅವನು ಸ್ಪರ್ಧೆಗಳಿಂದ ನಿವೃತ್ತನಾದಾಗ, "ಮುಗೀತು ನಿನ್ನ ತಮ್ಮನ ಕತಿ" ಎಂದು ಕಾಡಿಸಿದೆ.

"ಸ್ಪರ್ಧಾ ಬಿಟ್ಟಾನ, ಆಡೋದು ಬಿಟ್ಟಿಲ್ಲ" ಎಂದಳು.

ಅವಳು ತೀರಿಕೊಂಡ ಮೇಲೆ ನಾನು ಆ ಫೋನನ್ನು ಮುಟ್ಟಿರಲಿಲ್ಲ. ಅವಳಿಲ್ಲದೆ ಅವನನ್ನು ನೋಡಲು ನನ್ನಿಂದ ಆಗದೆಂಬ ಅಂಜಿಕೆ. ಕಳೆದ ವಾರ ಮಗಳು ಅದನ್ನು ಚಾರ್ಜ್ ಮಾಡಿ ನನ್ನ ಮುಂದೆ ಹಿಡಿದಳು. ಅವನದೇ ಹೊಸ ಪ್ರದರ್ಶನ. ಪದಕವಿಲ್ಲ, ಅಂಕವಿಲ್ಲ, ಆದರೂ ಕುರ್ಚಿಗಳೆಲ್ಲ ತುಂಬಿದ್ದವು. ಅವನು ಹಾರಿದಾಗ ಉಸಿರು ಬಿಗಿಹಿಡಿದೆ. ಕೊನೆಯವರೆಗೂ ನೋಡಿದೆ.

"ಪಪ್ಪಾ, ನೆದರು ತಗೀಬೇಕಲ್ಲ?" ಎಂದಳು ಮಗಳು.

ನಾನೇ ಎದ್ದು ನಿವಾಳಿಸಿ ಕೆಂಡಕ್ಕೆ ಹಾಕಿದೆ. ಮನೆಯೆಲ್ಲ ಘಾಟು ತುಂಬಿ ಇಬ್ಬರೂ ಕೆಮ್ಮಿದೆವು.

"ನೆದರೇ ಇಲ್ಲ ಬಿಡ್ರಿ, ಮಾಮ ಆರಾಮ ಅದಾನ!" ಎಂದು ಅವಳು ನಕ್ಕಳು.

ಕಿಟಕಿ ತೆರೆಯುತ್ತಾ, "ಇನ್ನೊಂದು ಆಟ ಇದ್ರ ಹಚ್ಚವ್ವಾ" ಎಂದೆ.