ಬೊಟ್ಟಿನ ಮೀನು, ಅಂಗಡಿಯ ಭರಣಿ

ಮೀನು ಸಾಕಬೇಕೆಂದು ನಾನೇನೂ ಹರಕೆ ಹೊತ್ತಿರಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಭದ್ರಾವತಿಯ ಹಳೇ ಊರಿನಿಂದ ಮದುವೆಯಾಗಿ, ಶಿವಮೊಗ್ಗದ ಸವಳಂಗ ರಸ್ತೆಯ ವಠಾರವೊಂದಕ್ಕೆ ಬಂದೆ. ಒಂದು ದಿನ ವಠಾರದ ಬಾವಿಯಿಂದ ಸೇದಿದ ಕೊಡದಲ್ಲಿ ಕಿರುಬೆರಳುದ್ದದ ಮೀನೊಂದು ಬಂತು. ನೆತ್ತಿಯ ಮೇಲೆ ಬೆಳ್ಳಿಯ ಬೊಟ್ಟು, ಮೈಮೇಲೆ ಕೆಂಪು ಚುಕ್ಕಿಗಳ ಸಾಲು. ವಾಪಸ್ ಬಿಡೋಣವೆಂದುಕೊಂಡವಳು ಒಂದು ಗಳಿಗೆ ನೋಡುತ್ತ ನಿಂತೆ ನೋಡಿ, ಅಲ್ಲಿಗೆ ನನ್ನ ಕಥೆ ಮುಗಿಯಿತು.

ಯಜಮಾನರ ಕಿರಾಣಿ ಅಂಗಡಿಯಿಂದ ಮುಚ್ಚಳ ಕಳೆದುಹೋದ ಪೆಪ್ಪರ್‌ಮಿಂಟ್ ಭರಣಿ ಎತ್ತಿಕೊಂಡು ಬಂದೆ. ಬೆಳಿಗ್ಗೆ ಎದ್ದರೆ ಮೀನು ಹಾರಿ ನೆಲಕ್ಕೆ ಬಿದ್ದಿದೆ, ಮೈತುಂಬ ಇರುವೆ. ಅತ್ತೇಬಿಟ್ಟೆ.

"ಒಂದು ಮೀನಿಗೆ ಯಾರಾದ್ರೂ ಅಳ್ತಾರೇನೇ?" ಎಂದರು ಯಜಮಾನರು.

"ನೀವು ಸುಮ್ನೆ ಅಂಗಡಿಗೆ ಹೋಗಿ," ಎಂದೆ.

ಮರುದಿನವೇ ಬಾವಿಯಿಂದ ಒಂದು ಗಂಡು, ಒಂದು ಹೆಣ್ಣು ಹಿಡಿದು ತಂದು, ಭರಣಿಯ ಬಾಯಿಗೆ ಹಿಟ್ಟಿನ ಜರಡಿ ಮುಚ್ಚಿದೆ. ಆಮೇಲೆ ನಮ್ಮನೆ ಹಿಟ್ಟು ಜರಡಿಯ ಮುಖ ಕಾಣಲಿಲ್ಲ. ಮೀನಿನ ಊಟಕ್ಕೆ, ಪಕ್ಕದ ಮನೆಯ ಒರಳುಕಲ್ಲಿನಲ್ಲಿ ನಿಂತ ನೀರಿನ ಸೊಳ್ಳೆಹುಳ. "ಒರಳು ತೊಳೀಬೇಡ್ರೀ" ಎಂದು ನಾನು ಗೋಗರೆಯುವುದು, "ಸೊಳ್ಳೆ ಸಾಕ್ತೀಯೇನೇ ಮಾರಾಯ್ತಿ!" ಎಂದು ಅವರು ನಗುವುದು. ನಗಲಿ ಬಿಡಿ, ನನಗೇನು.

ನೀರಲ್ಲಿ ಬಿಟ್ಟಿದ್ದ ತೆಂಗಿನ ನಾರಿಗೆ ಹೆಣ್ಣು ಮೀನು ಒಂದೊಂದೇ ಮೊಟ್ಟೆ ಅಂಟಿಸುತ್ತಿತ್ತು, ರವೆಕಾಳಿನಷ್ಟು. ಮರಿಗಳನ್ನು ಹೆತ್ತವೇ ನುಂಗುವುದನ್ನು ಕಂಡ ಮೇಲೆ, ನಾರನ್ನು ಬೇರೆ ಬಟ್ಟಲಿಗೆ ಹಾಕತೊಡಗಿದೆ. ಹಬ್ಬಕ್ಕೆ ತವರಿಗೆ ಹೊರಟಾಗ ಬಿಟ್ಟಿರಲಾರದೆ ಮೊಟ್ಟೆಯಿದ್ದ ಒಂದು ಹಿಡಿ ನಾರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಭದ್ರಾವತಿ ಬಸ್ಸು ಹತ್ತಿದೆ. ಬಚ್ಚಲಲ್ಲಿಟ್ಟು ಸೀರೆ ಬದಲಿಸಿ ಬರುವಷ್ಟರಲ್ಲಿ ಅಮ್ಮ ಅದಕ್ಕೆ ಬೂದಿ ಮೆತ್ತಿ ಹಾಲಿನ ಪಾತ್ರೆ ತಿಕ್ಕುತ್ತಿದ್ದಳು! "ನಾರು ಚೆನ್ನಾಗಿದೆ ಕಣೇ, ಎಲ್ಲಿ ಸಿಕ್ತು?" ಎಂದು ಬೇರೆ ಕೇಳಿದಳು. ಹಬ್ಬ ಮುಗಿಯುವವರೆಗೂ ಮುಖ ಊದಿಸಿಕೊಂಡೇ ಇದ್ದೆ.

ಶಿವಮೊಗ್ಗದ ಬಟ್ಟಲಲ್ಲಿ ಉಳಿದ ನಾರಿನಿಂದ ಒಂದಷ್ಟು ಮರಿಗಳಾಗಿ ಬೆಳೆದವು. ಅವುಗಳಲ್ಲಿ ಒಂದು ಗಂಡು, ಭರಣಿಗೆ ಬೆರಳು ತಟ್ಟಿದರೆ ಸಾಕು, ಮೇಲೆ ಬಂದು ಬೆರಳ ತುದಿಯಿಂದ ಹುಳ ಕಿತ್ತುಕೊಳ್ಳುತ್ತಿತ್ತು. ಅದರ ಮೇಲೆ ನನಗೆ ಪ್ರಾಣ. ಮನೆ ವಠಾರದ ಒಡತಿ ಅಜ್ಜಿಯದು, ಭರಣಿ ಅಂಗಡಿಯದು. ಆ ಮೀನೊಂದು ನನ್ನದು.

ಬೇಸಿಗೆಯಲ್ಲಿ ಬಾವಿಯ ಕೆಸರು ತೆಗೆಸುವಾಗ ಮೀನುಗಳನ್ನು ಹಿಡಿದಿಟ್ಟು, ನೀರು ಊರಿದ ಮೇಲೆ ಮತ್ತೆ ಬಿಡುವುದು ನಮ್ಮ ವಠಾರದ ಪದ್ಧತಿ. ಅಜ್ಜಿಗೆ ಅವು ಗಂಗಮ್ಮನ ಮಕ್ಕಳು. ಪ್ರತಿ ಸಲ ಇಡುತ್ತಿದ್ದ ಮಣ್ಣಿನ ಬಾನಿ ಆ ವರ್ಷ ಒಡೆದಿತ್ತು. ಅಜ್ಜಿ ತಮ್ಮ ತಾಮ್ರದ ಹಂಡೆಗೆ ಹುಣಿಸೆಹಣ್ಣು ಹಚ್ಚಿ, ಥಳಥಳ ಹೊಳೆಯುವಂತೆ ಬೆಳಗಿ, ಅದರಲ್ಲಿ ಬಿಡಿಸಿದರು. ಬೆಳಗಾಗುವಷ್ಟರಲ್ಲಿ ಒಂದೂ ಉಳಿಯಲಿಲ್ಲ. ತಾಮ್ರ ಸಣ್ಣ ಮೀನಿಗೆ ವಿಷವೆಂದು ನಮಗ್ಯಾರಿಗೆ ಗೊತ್ತಿತ್ತು?

ವಠಾರದ ಹೆಂಗಸರೆಲ್ಲ ನನ್ನ ಬಾಗಿಲಿಗೆ ಬಂದರು. "ನಿನ್ನ ಭರಣಿಯವನ್ನ ಬಾವಿಗೆ ಬಿಡೇ. ಮೀನಿಲ್ದಿದ್ರೆ ನೀರೆಲ್ಲ ಸೊಳ್ಳೆಹುಳ ಆಗುತ್ತೆ. ಅವೂ ಬಾವೀವೇ ಅಲ್ವಾ?"

"ಬಾವೀವು ಇವುಗಳ ಅಪ್ಪ ಅಮ್ಮ. ಇವು ನನ್ನ ಬಟ್ಟಲಲ್ಲಿ ಹುಟ್ಟಿದ್ದು. ಕೊಡೋಲ್ಲ ಅಂದ್ರೆ ಕೊಡೋಲ್ಲ!" ಎಂದು ಬಾಗಿಲು ಹಾಕಿಕೊಂಡೆ.

ಸಂಜೆ ಕಸ ಹಾಕಲು ಹೋದಾಗ ಅಜ್ಜಿ ಹಂಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಸತ್ತ ಮೀನುಗಳನ್ನು ಒಂದೊಂದಾಗಿ ಬಾಳೆಲೆಗೆ ಎತ್ತಿಡುತ್ತಿದ್ದರು. "ಮರ್ಯಾದೆ ಮಾಡೋಣ ಅಂತ ಬೆಳಗಿದೆ ಕಣೇ," ಎಂದರು. ನನ್ನ ಮೀನು ಕೊಡು ಎಂದು ಕೇಳಲಿಲ್ಲ. ಕೇಳಿದ್ದರೆ ಜಗಳವಾಡುತ್ತಿದ್ದೆ. ಕೇಳದೆ ಇದ್ದದ್ದನ್ನು ತಡೆದುಕೊಳ್ಳಲಾಗಲಿಲ್ಲ.

ನೀರು ಊರಿದ ದಿನ ಭರಣಿಯನ್ನು ನಾನೇ ಎತ್ತಿಕೊಂಡು ಹೋದೆ. ಮೀನುಗಳನ್ನೆಲ್ಲ ಬಕೆಟ್ಟಿಗೆ ಸುರಿದು, ಹಗ್ಗ ಹಿಡಿದು ಮೆಲ್ಲಗೆ ಇಳಿಸಿದೆ. ಬಕೆಟ್ಟು ವಾಲಿತು, ಬೊಟ್ಟುಗಳೆಲ್ಲ ಚದುರಿದವು. ಬಾವಿಕಟ್ಟೆಗೆ ಬೆರಳು ತಟ್ಟಿದೆ. ಯಾವುದೂ ಬರಲಿಲ್ಲ.

ಮರುದಿನ ಬೆಳಿಗ್ಗೆ ನೀರಿಗೆ ಹೋದೆ. ಕೆಳಗೆ ಒಂದು ಬೆಳ್ಳಿ ಬೊಟ್ಟು ಅಲುಗಾಡದೆ ನಿಂತಿತ್ತು. ನನ್ನ ಗಂಡೋ, ಬೇರೆಯದೋ, ಅಷ್ಟು ಮೇಲಿಂದ ಹೇಗೆ ಹೇಳುವುದು? ಕೊಡ ಇಳಿಸಲು ಕೈ ಬರಲಿಲ್ಲ. ಖಾಲಿ ಕೊಡವನ್ನೇ ಸೊಂಟಕ್ಕೇರಿಸಿ ವಾಪಸ್ ಬಂದೆ.

"ನೀರೆಲ್ಲೇ?" ಎಂದರು ಯಜಮಾನರು.

"ಇವತ್ತು ನೀವೇ ಸೇದ್ಕೊಂಡು ಬನ್ನಿ," ಎಂದೆ. "ಕೊಡದಲ್ಲಿ ಏನಾದ್ರೂ ಬಂದ್ರೆ ಅಲ್ಲೇ ಬಿಟ್ಬಿಡಿ. ನನಗೆ ತೋರಿಸ್ಬೇಡಿ."