ಉಚ್ಚಂಗಮ್ಮ ಮಗನ ಹೆಣ ಕುಯ್ಸಿದ್ದು

ಹೊಸದುರ್ಗ ಸೀಮೆಯ ಕುರಿಹಟ್ಟಿಯೊಂದರಲ್ಲಿ ಉಚ್ಚಂಗಮ್ಮನ ಬಾಯಿಗೆ ಹೆದರದವೆಂದರೆ ಟಗರುಗಳು ಮಾತ್ರ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಂದೆ ಕಟ್ಟಿದಳು, ತೋಳ ಅಟ್ಟಿದಳು, ಮಗ ಬೋರಪ್ಪನಿಗೆ ಹಿರಿಯೂರು ಕಡೆಯಿಂದ ನಿಂಗಕ್ಕನನ್ನು ತಂದಳು. ಆ ಸೊಸೆಯನ್ನು ದಿನವೂ ಬೈಯುತ್ತಿದ್ದಳು. ಆದರೆ ಬೈಯುವ ಹಕ್ಕು ತನಗೊಬ್ಬಳಿಗೇ ಸೇರಿದ್ದೆಂದು ನಂಬಿದ್ದಳು.

ಎಪ್ಪತ್ತರ ದಶಕದ ಒಂದು ಮಳೆಗಾಲ. ಜಿಟಿಜಿಟಿ ಹನಿಯಲ್ಲೇ ಕುರಿರೊಪ್ಪ ಕಾಯಲು ಮಲಗಿದ್ದ ಬೋರಪ್ಪ ಬೆಳಿಗ್ಗೆ ಬಾಯಲ್ಲಿ ನೊರೆ ಕಟ್ಟಿ ಹೆಣವಾಗಿದ್ದ. ಹಟ್ಟಿಯ ಯಜಮಾನ ಮುದ್ದಪ್ಪ ದಯಮಾಡಿಸಿದ. ಆತ ಮಹಾಜ್ಞಾನಿ, ಮಾರು ದೂರದಿಂದಲೇ ಸಾವಿನ ಕಾರಣ ಕಂಡುಹಿಡಿಯಬಲ್ಲವನು. ಹಟ್ಟಿಯಲ್ಲಿ ಅದುವರೆಗೆ ಸತ್ತವರನ್ನೆಲ್ಲ ಗಾಳಿಗೋ ದೇವರ ಸಿಟ್ಟಿಗೋ ಹಂಚಿಕೊಟ್ಟಿದ್ದ. ಸತ್ತವನ ಕಂಬಳಿ ಯಜಮಾನನಿಗೆ ಸೇರಬೇಕೆಂಬುದು ಅಲ್ಲಿಯ ಪದ್ಧತಿ. ಮೊದಲು ಅದನ್ನು ಹೊದ್ದುಕೊಂಡು, ಆಮೇಲೆ ತೀರ್ಪು ಕೊಟ್ಟ.

“ಹೆಂಡ್ತೀನೇ ಮುದ್ದೆಗೆ ವಿಷ ಹಾಕವ್ಳೆ. ಮಣ್ಣು ಮುಗೀಲಿ, ಇವಳನ್ನ ಹಟ್ಟಿಯಿಂದ ಹೊರಗೆ ಹಾಕಾಣ.”

ನಿಂಗಕ್ಕ ಅತ್ತೆಯ ಸೆರಗು ಹಿಡಿದಳು. ಉಚ್ಚಂಗಮ್ಮ ಹೆಣದ ಪಕ್ಕದಿಂದ ಎದ್ದಳು.

“ಅದೇ ಮುದ್ದೆ ನಾನೂ ಉಂಡಿದೀನಿ. ನಾನ್ಯಾಕೆ ಸಾಯ್ಲಿಲ್ಲ?”

“ನಿನ್ನ ಕಂಡ್ರೆ ವಿಷಕ್ಕೂ ಭಯ ಕಣವ್ವ” ಎಂದು ಹಿಂದಿನಿಂದ ಯಾರೋ ಗೊಣಗಿದರು.

“ಹಂಗಾದ್ರೆ ಪೊಲೀಸ್ರಿಗೆ ಹೇಳ್ರಿ. ಹೆಣನ ದೊಡ್ಡಾಸ್ಪತ್ರೆಗೆ ಒಯ್ಯಾಣ, ಕುಯ್ದು ನೋಡ್ಲಿ.”

“ಕುಯ್ಸಿದ ಹೆಣಕ್ಕೆ ಗತಿ ಐತೇನೇ?” ಮುದ್ದಪ್ಪ ಗದರಿದ.

“ಕುರಿ ಸತ್ರೆ ಏನ್ ಮಾಡ್ತೀರಿ? ಹೊಟ್ಟೆ ಬಗ್ದು, ಈಲಿ ನೋಡಿ, ಕರುಳು ನೋಡಿ, ಏನು ರೋಗ ಅಂತ ತಿಳ್ಕಂಡು ಮಿಕ್ಕ ಕುರಿ ಉಳಿಸ್ಕಂತೀರಿ. ನನ್ನ ಮಗ ಕುರಿಗಿಂತ ಕಡೆಯೇನ್ರಿ?”

ಕುರಿ ಕಾಯುವವರು ಪೊಲೀಸರಿಗೆ ಹೇಳಿಕಳಿಸಿ ಗಾಡಿ ಕಟ್ಟಿದರು. ಪೊಲೀಸರ ಮುಂದೆ ನಿಂಗಕ್ಕನ ಪಾಪ ಬಣ್ಣಿಸಲು ಮುದ್ದಪ್ಪನೂ ಹೊರಟ. ಕೊಲೆಗಾತಿಯ ಮನೆಯದೆಂದು ನೀರನ್ನೂ ಮುಟ್ಟಲಿಲ್ಲ. ಮಳೆಯಲ್ಲಿ ತೋಯ್ದ ಕಂಬಳಿಯನ್ನು ಮಾತ್ರ ಕೊರಳವರೆಗೆ ಬಿಗಿದುಕೊಂಡಿದ್ದ.

ಸಂಜೆ ಡಾಕ್ಟರು ಹೊರಬಂದು ಹೇಳಿದರು: “ಹೊಟ್ಟೆಯಲ್ಲಿರೋ ಮುದ್ದೆಯಲ್ಲಿ ವಿಷದ ಗುರುತಿಲ್ಲ. ಶ್ವಾಸಕೋಶದ ತುಂಬ ನೊರೆ, ಕಣ್ಣಿನ ಪಾಪೆ ಸಾಸಿವೆಕಾಳಿನಷ್ಟಾಗಿದೆ. ಮೈಯೆಲ್ಲ ಹುಳದ ಔಷಧಿ ವಾಸನೆ. ವಿಷ ಚರ್ಮದಿಂದ ಇಳಿದಿರಬೇಕು. ರಾತ್ರಿ ಏನು ಹೊದ್ದಿದ್ದ?”

ನಿಂಗಕ್ಕ ಆ ದಿನ ಮೊದಲ ಸಲ ಬಾಯಿಬಿಟ್ಟಳು. “ನಮ್ಮನೆಯೋರು ನಿನ್ನೆ ಹತ್ತಿಗೆ ಹೊಡಿಯೋ ಔಷಧಿ ತಂದು ಕುರಿಗೆ ಬಳಿದ್ರು, ಉಣ್ಣಿ ಸಾಯ್ಲಿ ಅಂತ. ಉಳಿದಿದ್ದಕ್ಕೆ ಕಂಬಳೀನೂ ಅದ್ದಿದ್ರು.”

ಎಲ್ಲರೂ ತಿರುಗಿ ನೋಡಿದರು. ಆಸ್ಪತ್ರೆ ಜಗಲಿಯ ಕಂಬದ ಬುಡದಲ್ಲಿ ನ್ಯಾಯಾಧೀಶ ಮುದ್ದಪ್ಪ ಜೊಲ್ಲು ಸುರಿಸುತ್ತ, ನಡುಗುತ್ತ, ತೀರ್ಪಿನ ಸಮೇತ ವಾಂತಿ ಮಾಡಿಕೊಳ್ಳುತ್ತಿದ್ದ. ಕಂಬಳಿ ಕಿತ್ತೆಸೆದವಳು ಉಚ್ಚಂಗಮ್ಮನೇ. “ಥೂ, ಅದನ್ನ ಬಿಚ್ಚಲೇ” ಎಂದಾಗ ಯಜಮಾನರೆಂಬ ಗೌರವ ಉಳಿದಿರಲಿಲ್ಲ.

ಮಗನನ್ನು ಮಣ್ಣು ಮಾಡಿ ಮತ್ತೆ ಆಸ್ಪತ್ರೆಗೆ ಬಂದಳು. ಮುದ್ದಪ್ಪ ಬದುಕಿಕೊಂಡಿದ್ದ. ತಪ್ಪಾಯಿತೆಂಬ ಒಂದು ಮಾತೂ ಅವನ ಬಾಯಿಂದ ಬರಲಿಲ್ಲ. ಉಚ್ಚಂಗಮ್ಮ ತಂಬಿಗೆಯನ್ನು ಮುಂದಿಟ್ಟಳು.

“ಗಂಜಿ. ನಿಂಗಕ್ಕನೇ ಕಾಯಿಸಿದ್ದು.”

ಮುದ್ದಪ್ಪ ತಂಬಿಗೆ ನೋಡಿದ, ಬಾಗಿಲಲ್ಲಿ ನಿಂತ ಹಟ್ಟಿಯವರನ್ನು ನೋಡಿದ.

“ಕುಡೀರಿ ಯಜಮಾನ್ರೇ, ಹಟ್ಟಿಯೋರು ನೋಡ್ಲಿ. ಸತ್ರೆ ಹೆದರ್ಬೇಡ್ರಿ, ಕುಯ್ಸಿ ನೋಡ್ತೀನಿ.”

ಮುದ್ದಪ್ಪ ತಳ ಕಾಣುವವರೆಗೆ ಕುಡಿದ. ನಿಂಗಕ್ಕ ಬಂದು ಬರಿದಾದ ತಂಬಿಗೆ ಎತ್ತಿಕೊಂಡಳು. “ತಡ ಮಾಡ್ಬೇಡ, ಕುರಿ ಹಸ್ದಿರ್ತವೆ” ಎಂದು ಉಚ್ಚಂಗಮ್ಮ ಎಂದಿನಂತೆ ಅವಳನ್ನು ಬೈಯುತ್ತ ಹಟ್ಟಿಯ ದಾರಿ ಹಿಡಿದಳು.